ಇಳಿತದ ಹೊತ್ತಿಗೆ ಅಳಿವೆ ದಾಟಿದ ಹಡಗು

"ಆಚೆ ಒಯ್ಯೋ ಹಾಗಿಲ್ಲಮ್ಮ. ಇಲ್ಲೇ ಓದಿ, ಇಲ್ಲೇ ಇಟ್ಟು ಹೋಗಿ."

ಬಂದರು ಕಚೇರಿಯ ದಾಖಲೆ ಕೋಣೆಯ ಗುಮಾಸ್ತ ಇಷ್ಟು ಹೇಳಿ ಎದುರಿನ ಸ್ಟೂಲಿನ ಮೇಲೆ ಕುಳಿತವನು ಏಳಲೇ ಇಲ್ಲ. ಹಿಂದಿನ ಮೂರು ದಿನ ಇದೇ ಮನುಷ್ಯ ಬೀಗದ ಕೈಯನ್ನು ಮೇಜಿನ ಮೇಲೆ ಎಸೆದು ಊಟಕ್ಕೆ ಹೋದರೆ ಗಂಟೆಗಟ್ಟಲೆ ಪತ್ತೆಯಿರುತ್ತಿರಲಿಲ್ಲ. ಇವತ್ತು ಮಾತ್ರ ಕಾವಿಗೆ ಕೂತ ಕೋಳಿಯ ಹಾಗೆ ಕೂತುಬಿಟ್ಟಿದ್ದ. ಯಾರೋ ಇವನ ಕಿವಿಯಲ್ಲಿ ಊದಿದ್ದಾರೆ ಎಂದು ಟೈಪಿಸ್ಟಮ್ಮನಿಗೆ ಅನ್ನಿಸಿತು.

ಇಪ್ಪತ್ತೆರಡು ವರ್ಷ ಕೋರ್ಟಿನಲ್ಲಿ ಸಾಕ್ಷಿಗಳ ಮಾತನ್ನು ಶೀಘ್ರಲಿಪಿಯಲ್ಲಿ ಬರೆದುಕೊಂಡು ಟೈಪು ಹೊಡೆದವಳು ಆಕೆ. ಯಾರು ಯಾವ ಪ್ರಶ್ನೆಗೆ ಉಗುಳು ನುಂಗಿದರು ಎಂಬುದು ಟೈಪಿನಲ್ಲಿ ಬರುವುದಿಲ್ಲ, ಆದರೆ ಬರೆದುಕೊಂಡವಳ ತಲೆಯಲ್ಲಿ ಉಳಿಯುತ್ತದೆ. ಕೆಲಸ ಬಿಟ್ಟ ಮೇಲೆ ಆ ವಿದ್ಯೆಯನ್ನೇ ಬಂಡವಾಳ ಮಾಡಿಕೊಂಡು ಖಾಸಗಿ ಪತ್ತೇದಾರಿಕೆ ಶುರುಮಾಡಿದ್ದಳು. ತಾನು ಕಳ್ಳ, ಪರರ ನಂಬ ಎನ್ನುತ್ತಾರೆ. ಈಕೆ ಕಳ್ಳಿಯಲ್ಲ, ಆದರೂ ಯಾರನ್ನೂ ನಂಬುತ್ತಿರಲಿಲ್ಲ.

ಪಕ್ಕದಲ್ಲಿದ್ದವರು ಅಕ್ಕನ ಗಂಡ, ಇದೇ ಬಂದರಿನಲ್ಲಿ ಮೂವತ್ತೆಂಟು ವರ್ಷ ಕ್ರೇನ್ ಓಡಿಸಿ ನಿವೃತ್ತರಾದವರು. ಬಂದರಿನ ಸಂಗತಿ ಬಿಡಿಸಿ ಹೇಳಲು ಒಬ್ಬರು ಬೇಕು ಎಂದು ಆಕೆ ಭಾವನನ್ನು ಕರೆತಂದಿದ್ದಳು. ಮನೆಯಲ್ಲಿ ಹೆಂಡತಿಯ ಬಾಯಿ ತಪ್ಪಿದರೆ ಸಾಕು ಎಂದು ಅವರೂ ಬಂದಿದ್ದರು.

ಶನಿವಾರ, ಹನ್ನೊಂದೂವರೆ. ಸಂಜೆ ಐದಕ್ಕೆ ಗಡುವು.

ಕೇಸು ಇಷ್ಟೇ. ಮೂವತ್ತೈದು ವರ್ಷದ ಹಿಂದೆ, ಯುದ್ಧದ ಕಾಲದಲ್ಲಿ, ಸೈನ್ಯದ ಆಸ್ಪತ್ರೆಗಳಿಗೆಂದು ಔಷಧಿ ಮತ್ತು ತಾಮ್ರದ ಗಟ್ಟಿ ಹೇರಿಕೊಂಡು ಇಲ್ಲಿಂದ ಹೊರಟ ಒಂದು ಹಳೆಯ ಸ್ಟೀಮರ್ ಎರಡನೇ ದಿನವೇ ಸಮುದ್ರದ ಪಾಲಾಯಿತು. ಹಡಗಿನವರು ಅದನ್ನು 'ಮುದುಕಿ' ಎನ್ನುತ್ತಿದ್ದರು. ಇದ್ದವರು ಮೂವತ್ತೆರಡು ಜನ, ಬದುಕಿ ಬಂದವನು ಹಡಗಿನ ಕಿರಿಯ ಅಧಿಕಾರಿಯಾದ ಸೆಕೆಂಡ್ ಮೇಟ್ ಒಬ್ಬನೇ. ವೈರ್‌ಲೆಸ್ ಬಳಸಬಾರದೆಂಬ ಯುದ್ಧಕಾಲದ ಆಜ್ಞೆ ಮುರಿದು ವೈರ್‌ಲೆಸ್ ಆಪರೇಟರ್ ಸಂದೇಶ ಕಳಿಸಿದ, ಶತ್ರುವಿಗೆ ಜಾಗ ತಿಳಿದದ್ದು ಅದರಿಂದಲೇ ಎಂದು ಅವನು ವಿಚಾರಣೆಯಲ್ಲಿ ಹೇಳಿದ. ಆ ಸೆಕೆಂಡ್ ಮೇಟ್ ಈಗ ಊರಿಗೆಲ್ಲ 'ಕಪ್ತಾನರು'. ಸತ್ತವರ ನೆನಪಿಗೆ ಕಟ್ಟಿಸಿದ ಕಲ್ಲುಗೋಡೆಯ ಸಮಿತಿಗೂ ಅವರೇ ಅಧ್ಯಕ್ಷರು. ಗೋಡೆ ನಾಳೆ ಬೆಳಿಗ್ಗೆ ಉದ್ಘಾಟನೆ. ಅದರ ಮೇಲೆ ಮೂವತ್ತು ಹೆಸರು ಕೆತ್ತಿದ್ದಾರೆ. ಆಪರೇಟರನ ಹೆಸರಿಲ್ಲ.

ಆ ಆಪರೇಟರನ ಮಗಳೇ ಕಕ್ಷಿಗಾರ್ತಿ, ಹೆಣ್ಣುಮಕ್ಕಳ ಶಾಲೆಯ ಟೀಚರ್. ಅಪ್ಪ ಹಡಗು ಹತ್ತಿದಾಗ ಆಕೆ ಇನ್ನೂ ತಾಯಿಯ ಹೊಟ್ಟೆಯಲ್ಲಿದ್ದಳು. ಬೇರೆ ಊರಿನಲ್ಲಿ, 'ದ್ರೋಹಿಯ ಮಗಳು' ಅನ್ನಿಸಿಕೊಂಡೇ ಬೆಳೆದವಳು. ಇದ್ದ ಒಂದೇ ಫೋಟೊವನ್ನು ತಾಯಿ ಒಲೆಗೆ ಹಾಕಿದ್ದಳಂತೆ. ಹೆಸರು ಸೇರಿಸಿ ಎಂದು ಟೀಚರ್ ಮೂರು ಅರ್ಜಿ ಹಾಕಿ, ಮೂರೂ ವಾಪಸು ಬಂದಿದ್ದವು. ಮೂರನೆಯದರ ಅಡಿಯಲ್ಲಿ ಕಪ್ತಾನರು ಒಂದು ಸಾಲು ಸೇರಿಸಿದ್ದರು: ಶನಿವಾರ ಸಂಜೆ ಐದರೊಳಗೆ ಪುರಾವೆ ತಂದರೆ ನೋಡೋಣ.

ಈಗ ಮೇಜಿನ ಮೇಲಿದ್ದದ್ದು ಅಂಗೈಯಗಲದ ಒಂದು ಚೀಟಿ. ಹಡಗನ್ನು ಬಂದರಿನಿಂದ ಹೊರಗೆ ದಾಟಿಸುವ ಪೈಲಟ್, ಕೆಲಸಕ್ಕೆ ಮೊದಲು ತಾನೇ ತುಂಬುವ ಚೀಟಿ. ಹಡಗಿನ ಹೆಸರು, ಹೊರಟ ಹೊತ್ತು, ಹಡಗು ನೀರಿನಲ್ಲಿ ಎಷ್ಟು ಅಡಿ ಮುಳುಗಿ ನಿಂತಿದೆ ಎಂಬ ಲೆಕ್ಕ, ಸಹಿ. ಅಷ್ಟೇ.

ಭಾವ ಕನ್ನಡಕ ಹಣೆಗೇರಿಸಿ ಚೀಟಿಯನ್ನು ಮೂಗಿನ ಹತ್ತಿರ ಹಿಡಿದರು. ಕೆಳಗಿಟ್ಟರು. ಮತ್ತೆ ಎತ್ತಿಕೊಂಡರು.

"ಏನು ಭಾವ?"

"ಇದನ್ನ ಬರೆದೋನು ಪೈಲಟ್ಟಾ, ಇಲ್ಲ ಹಜಾಮನಾ?"

"ಬಿಡಿಸಿ ಹೇಳಿ."

"ಹೊರಟ ಹೊತ್ತು ಮಧ್ಯಾಹ್ನ ಒಂದು ನಲವತ್ತು. ಹಡಗು ಮುಳುಗಿ ನಿಂತಿದ್ದು ಇಪ್ಪತ್ತೆರಡು ಅಡಿ. ಭರ್ತಿ ಸರಕು ಅಂತ ಅರ್ಥ. ಸರಿಯಾ? ಆವತ್ತು ಉಬ್ಬರ ಎಷ್ಟೊತ್ತಿಗಿತ್ತು ನೋಡು. ನನ್ನ ನೆನಪು ಸರಿ ಇದ್ರೆ, ನಾವು ತಮಾಷೆ ನೋಡ್ತಿದ್ದೀವಿ."

ಸಮುದ್ರ ದಿನಕ್ಕೆ ಎರಡು ಸಲ ಉಬ್ಬುತ್ತದೆ, ಎರಡು ಸಲ ಇಳಿಯುತ್ತದೆ. ಯಾವ ದಿನ ಯಾವ ಹೊತ್ತಿಗೆ ಎಂದು ವರ್ಷಕ್ಕೊಂದು ಪುಸ್ತಕ ಅಚ್ಚಾಗುತ್ತದೆ. ಆಕೆ ಆ ವರ್ಷದ ಪುಸ್ತಕ ಕೇಳಿದಳು.

ಗುಮಾಸ್ತ ಕುಳಿತಲ್ಲೇ ಮಿಸುಕಾಡಿದ. "ಉಬ್ಬರ ಇಳಿತ ಎಲ್ಲ ಯಾಕಮ್ಮ ಈಗ? ಮುಳುಗಿದ ಹಡಗು ಮೇಲೆ ಬರುತ್ತಾ?"

"ಬರಲ್ಲ. ಪುಸ್ತಕ ಬರುತ್ತಾ?"

ಗುಮಾಸ್ತ ಪುಸ್ತಕ ತಂದು ಮೇಜಿನ ಮೇಲೆ ಕುಕ್ಕಿ, "ಒಂದು ನಿಮಿಷ, ಫೋನ್ ಮಾಡಿ ಬರ್ತೀನಿ" ಎಂದು ಹೊರಗೆ ಹೋದ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವರನ್ನು ಆಕೆ ಕಂಡಿದ್ದಳು. ಈತ ಅನ್ನುವುದಕ್ಕೂ ಮೊದಲೇ ಮುಟ್ಟಿಕೊಂಡಿದ್ದ.

ಪುಸ್ತಕದಲ್ಲಿ ಆ ದಿನದ ಸಾಲು ಸ್ಪಷ್ಟವಾಗಿತ್ತು. ಉಬ್ಬರ ಬೆಳಿಗ್ಗೆ ಏಳು ಐವತ್ತಕ್ಕೆ, ರಾತ್ರಿ ಎಂಟು ಹತ್ತಕ್ಕೆ. ಪೂರ್ತಿ ಇಳಿತ ಮಧ್ಯಾಹ್ನ ಎರಡಕ್ಕೆ.

"ನಮ್ಮ ಅಳಿವೆ ಬಾಯಲ್ಲಿ ಮರಳಿನ ದಿಬ್ಬ ಇದೆ" ಎಂದರು ಭಾವ, ದನಿ ತಗ್ಗಿಸಿ. "ಉಬ್ಬರದಲ್ಲಿ ಅದರ ಮೇಲೆ ಇಪ್ಪತ್ತನಾಲ್ಕು ಅಡಿ ನೀರು. ಇಳಿತದಲ್ಲಿ ಹದಿಮೂರು. ಭರ್ತಿ ಹಡಗು ಎಷ್ಟೇ ಅವಸರ ಇದ್ರೂ ಉಬ್ಬರಕ್ಕೆ ಕಾಯ್ಲೇಬೇಕು. ಇಪ್ಪತ್ತೆರಡು ಅಡಿ ಹಡಗು ಹದಿಮೂರು ಅಡಿ ನೀರಲ್ಲಿ ಹೋಗಬೇಕಾದ್ರೆ ಅದಕ್ಕೆ ಕಾಲು ಇರಬೇಕು."

"ಅಂದ್ರೆ ಎರಡರಲ್ಲಿ ಒಂದು ಸುಳ್ಳು. ಒಂದೋ ಹೊತ್ತು, ಇಲ್ಲ ಅಡಿ."

"ಹೊತ್ತು ಸುಳ್ಳಾಗಲ್ಲ. ಹಡಗು ಹೊರಟ ಹೊತ್ತನ್ನ ಸಿಗ್ನಲ್ ಕಂಬದೋರೂ ಬರೀತಾರೆ, ಬಂದರು ಅಧಿಕಾರಿನೂ ಬರೀತಾರೆ. ಅಡಿ ಒಂದನ್ನ ಮಾತ್ರ ಪೈಲಟ್ ಒಬ್ಬನೇ ನೋಡೋದು."

ಹಾಗಾದರೆ ಮುದುಕಿ ಬರಿಹೊಟ್ಟೆಯಲ್ಲಿ ಹೊರಟಿದ್ದಳು. ಔಷಧಿಯೂ ಇಲ್ಲ, ತಾಮ್ರವೂ ಇಲ್ಲ. ಅಂಥ ಹಡಗು ಗುರಿ ಮುಟ್ಟಿದರೆ ಕಳ್ಳತನ ಬಯಲಾಗುತ್ತದೆ. ಮುಟ್ಟದೆ ಹೋದರೆ ಯಾರಿಗೆ ಒಳ್ಳೆಯದು ಎಂದು ಕೇಳಲು ದೊಡ್ಡ ಬುದ್ಧಿ ಬೇಕಿಲ್ಲ.

ಟೈಪಿಸ್ಟಮ್ಮ ಭಾವನ ಮುಖವನ್ನು ನೇರವಾಗಿ ನೋಡಿದಳು. "ಆ ಹಡಗಿಗೆ ಸರಕು ತುಂಬಿದ್ದು ಯಾರ ಕ್ರೇನು ಭಾವ?"

"ನಂದೇ."

"ಇದನ್ನ ಮೂರು ದಿನದಿಂದ ಹೇಳಲಿಲ್ಲ."

"ನೀನು ಕೇಳಲಿಲ್ಲ. ಹಾಗೆ ನೋಡಬೇಡ, ನಿನ್ನಕ್ಕನೇ ನೋಡ್ದ ಹಾಗಾಗುತ್ತೆ. ನಾಲ್ಕು ದಿನ ನಾನೇ ಕೈಯಾರೆ ತುಂಬಿದ್ದೀನಿ. ಆಮೇಲೆ ಬಾಂಬ್ ದಾಳಿಯ ತಾಲೀಮು ಅಂತ ಎರಡು ದಿನ ನಮ್ಮನ್ನೆಲ್ಲ ಮನೆಗೆ ಕಳಿಸಿ ಧಕ್ಕೆಗೆ ಬೀಗ ಹಾಕಿದ್ರು. ವಾಪಸು ಬರೋ ಹೊತ್ತಿಗೆ ಹಡಗು ಹೊರಟುಹೋಗಿತ್ತು. ರಜೆ ಸಿಕ್ಕಿತಲ್ಲ ಅಂತ ಖುಷಿಪಟ್ಟೆ, ಮೂರ್ಖ ನಾನು."

"ಹಡಗಿನ ಜನರನ್ನ ನೋಡಿದ್ರಾ? ಕಪ್ತಾನರನ್ನ ಆಗ?"

"ಕ್ರೇನಿನ ಮೇಲೆ ಕೂತೋನಿಗೆ ಕಾಣೋದು ನೆತ್ತಿ ಮಾತ್ರ ಕಣಮ್ಮ. ಎಲ್ಲರೂ ಹೊರಗಿನ ಊರಿನೋರು. ಒಬ್ಬನ ಮುಖಾನೂ ನೆನಪಿಲ್ಲ."

ಮನೆಯವರ ಮಾತನ್ನೂ ಅಳೆದು ಸುರಿಯುವುದು ಆಕೆಗೆ ಬೇಸರದ ಸಂಗತಿಯೇ. ಆದರೂ ಅಳೆದಳು. ಭಾವ ಉಗುಳು ನುಂಗಿರಲಿಲ್ಲ.

ಹೊರಗೆ ಗುಮಾಸ್ತನ ದನಿ ಕೇಳುತ್ತಿತ್ತು. "ಹೌದು ಸಾರ್. ಹೌದು ಸಾರ್. ಉಬ್ಬರದ ಪುಸ್ತಕಾನೂ ಕೇಳಿದ್ರು ಸಾರ್." ಆಕೆ ಚೀಟಿಯನ್ನು ಕನ್ನಡಕದ ಡಬ್ಬಿಯೊಳಗೆ ಮಡಿಸಿಟ್ಟಳು. ಕನ್ನಡಕ ಕಣ್ಣಿಗೆ ಹಾಕಿಕೊಂಡು, ಗುಮಾಸ್ತನಿಗೆ ನಮಸ್ಕಾರ ಹೇಳಿ, ಅವನ ಮುಂದೆಯೇ ಹೊರಗೆ ನಡೆದಳು.

* * *

ಚೀಟಿಯ ಮೇಲೆ ಸಹಿ ಹಾಕಿದ್ದ ಪೈಲಟ್ ಇನ್ನೂ ಬದುಕಿದ್ದರು. ಎಂಬತ್ತನಾಲ್ಕು ವರ್ಷ, ಗೋದಾಮಿನ ಹಿಂದಿನ ಬೀದಿಯಲ್ಲಿ ಸೊಸೆಯ ಜೊತೆ ವಾಸ. ಅರ್ಧ ದಿನದ ಶಾಲೆ ಮುಗಿಸಿಕೊಂಡು ಟೀಚರ್ ಬೀದಿಯ ತುದಿಯಲ್ಲಿ ಕಾಯುತ್ತಿದ್ದರು. ಬೆರಳಿನಲ್ಲಿ ಸೀಮೆಸುಣ್ಣ ಇನ್ನೂ ಹಾಗೇ ಇತ್ತು.

ಟೈಪಿಸ್ಟಮ್ಮ ಹೇಳಿದಳು, "ನೀವು ಯಾರು ಅಂತ ಹೇಳಬೇಡಿ. ನನ್ನ ಜೊತೆಗಾರ್ತಿ, ಅಷ್ಟೇ. ವಿಷಯ ಗೊತ್ತಿದ್ದವರು ಸತ್ತವನ ಮಗಳ ಮುಂದೆ ಸತ್ಯ ಹೇಳಲ್ಲ. ಸಮಾಧಾನ ಹೇಳ್ತಾರೆ."

"ನನಗೆ ಸಮಾಧಾನ ಬೇಡ ಮೇಡಂ. ಮೂವತ್ತು ಹೆಸರಿನ ಕೆಳಗೆ ಇನ್ನೊಂದು ಹೆಸರಿಗೆ ಜಾಗ ಬಿಟ್ಟಿದ್ದಾರೆ, ನಾನು ಹೋಗಿ ನೋಡ್ಕೊಂಡು ಬಂದೆ. ಅಷ್ಟು ಜಾಗ ಸಿಕ್ಕಿದ್ರೆ ಸಾಕು."

ಮುಂಬಾಗಿಲಿನ ಕೋಣೆಯೇ ಹೊಲಿಗೆಯಂಗಡಿ. ಸೊಸೆ ಶಾಲೆಯ ಸಮವಸ್ತ್ರಗಳ ರಾಶಿಯ ನಡುವೆ ಯಂತ್ರ ತುಳಿಯುತ್ತಿದ್ದಳು. ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ, "ಮಾವ ಮಲಗಿದ್ದಾರೆ. ಇನ್ನು ಅವರನ್ನ ನೋಡೋಕೆ ಆಗಲ್ಲ" ಎಂದಳು.

"ಇನ್ನು ಅಂದ್ರೆ?"

ಸೊಸೆ ಸೂಜಿ ತೆಗೆದಳು. "ಕಪ್ತಾನರು ಬೆಳಿಗ್ಗೆ ಬಂದಿದ್ರು. ಬೆಟ್ಟದ ಮೇಲೆ ಹಿರಿಯರ ವಿಶ್ರಾಂತಿಧಾಮ ಇದೆಯಂತೆ, ಅಲ್ಲಿ ವ್ಯವಸ್ಥೆ ಮಾಡಿದ್ದಾರೆ. ನಾಳೆ ಬೆಳಕು ಹರಿಯೋಕೆ ಮುಂಚೆ ಕರ್ಕೊಂಡು ಹೋಗ್ತಾರೆ. ದೇವರಂಥ ಮನುಷ್ಯ."

"ಉದ್ಘಾಟನೆಗೆ ಮುಂಚೆನೇ?"

"ಹೌದು. ಜನಸಂದಣಿ ಮಾವನಿಗೆ ಆಗಲ್ಲ ಅಂದ್ರು."

"ಕಪ್ತಾನರು ಮುಂಚೆನೂ ಬರ್ತಿದ್ರಾ?"

ಯಂತ್ರದ ಚಕ್ರದ ಮೇಲೆ ಸೊಸೆಯ ಕೈ ನಿಂತಿತು. "ನಾನು ಈ ಮನೆಗೆ ಬಂದು ಹದಿನಾಲ್ಕು ವರ್ಷ. ಇದೇ ಮೊದಲು." ಹೇಳಿದ ಮೇಲೆ ಅವಳಿಗೇ ಏನೋ ಅನ್ನಿಸಿರಬೇಕು. ಎದ್ದು ಒಳಬಾಗಿಲಿನ ಪರದೆ ಸರಿಸಿದಳು. "ಹತ್ತು ನಿಮಿಷ. ಹೆಚ್ಚಲ್ಲ."

ಪೈಲಟ್ ಅಜ್ಜ ಮಲಗಿರಲಿಲ್ಲ. ಕಿಟಕಿಯ ಪಕ್ಕದ ಕುರ್ಚಿಯಲ್ಲಿ, ಕಾಲಿಗೆ ಕಂಬಳಿ ಸುತ್ತಿಕೊಂಡು ನೆಟ್ಟಗೆ ಕುಳಿತಿದ್ದರು. ಮೈ ಒಣಗಿ ಕಡ್ಡಿಯಾಗಿತ್ತು, ಕೈಗಳು ಮಾತ್ರ ಇನ್ನೂ ದೊಡ್ಡವು. ಕಣ್ಣು ಮಂಜಾಗಿದೆ, ಓದಲು ಆಗುವುದಿಲ್ಲ ಎಂದರು. ಆಕೆ ಚೀಟಿಯನ್ನು ಓದಿ ಹೇಳಿದಳು. ಹೊತ್ತು ಓದಿದಾಗ ಸುಮ್ಮನಿದ್ದರು. ಅಡಿ ಓದಿದಾಗ ಕಂಬಳಿಯನ್ನು ಮೊಣಕಾಲಿನ ಮೇಲೆ ಎಳೆದುಕೊಂಡರು.

"ನಿಮ್ಮ ಕೈಬರಹ ತಾನೆ ಅಜ್ಜ?"

"ನಂದೇ ಇರಬೇಕು."

"ಒಂದು ನಲವತ್ತಕ್ಕೆ ಅಳಿವೆ ಮೇಲೆ ಹದಿಮೂರು ಅಡಿ ನೀರು. ಹಡಗು ಇಪ್ಪತ್ತೆರಡು ಅಡಿ. ಹೇಗೆ ದಾಟಿಸಿದ್ರಿ?"

"ಕೈತಪ್ಪು. ವಯಸ್ಸಾಯ್ತು."

"ಆಗ ನಿಮಗೆ ನಲವತ್ತೊಂಬತ್ತು." ಆಕೆ ಚೀಟಿಯನ್ನು ಮತ್ತೆ ಡಬ್ಬಿಯೊಳಗಿಟ್ಟು, ಡಬ್ಬಿಯನ್ನು ಪಕ್ಕದ ಮೇಜಿನ ಮೇಲಿಟ್ಟು, ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡಳು. "ಆ ವರ್ಷದ ಮುನ್ನೂರ ಹನ್ನೊಂದು ಚೀಟಿ ಓದಿದ್ದೀನಿ ಅಜ್ಜ. ತೊಂಬತ್ತೆರಡು ನಿಮ್ಮದು. ಒಂದರಲ್ಲಿ ಶಾಯಿ ಚೆಲ್ಲಿದೆ. ಇನ್ನೊಂದರಲ್ಲಿ ಕಾಗುಣಿತ ತಪ್ಪಿದೆ. ಆದ್ರೆ ಹೊತ್ತಿಗೂ ಅಡಿಗೂ ಜಗಳ ಇರೋದು ಇದೊಂದರಲ್ಲಿ ಮಾತ್ರ. ಬೇರೆ ಏನನ್ನ ಮರೆತ್ರೂ ಪೈಲಟ್ ಆದೋನು ಉಬ್ಬರ ಮರೀತಾನಾ?"

ಹೊರಗಿನ ಕೋಣೆಯಲ್ಲಿ ಹೊಲಿಗೆ ಯಂತ್ರ ಶುರುವಾಯಿತು, ನಿಂತಿತು.

ಬಾಗಿಲಿಗೆ ಒರಗಿ ನಿಂತಿದ್ದ ಭಾವ ಮೆಲ್ಲಗೆ ಹೇಳಿದರು, "ನನ್ನ ಕ್ರೇನಿಂದಲೇ ತುಂಬಿದ ಹಡಗು ಯಜಮಾನ್ರೇ. ನಾಲ್ಕು ದಿನದ ಕೆಲಸ. ಎರಡು ದಿನ ನಮ್ಮನ್ನ ಆಚೆ ಕಳಿಸಿದ್ರಲ್ಲ, ಆವಾಗ ಎಲ್ಲಾ ಇಳಿಸಿಬಿಟ್ರಾ?"

ಆಗ ಅಜ್ಜ ನಕ್ಕರು. ಸಂತೋಷದ ನಗುವಲ್ಲ, ಹಳೆಯ ಹುಣ್ಣು ಒಡೆದಾಗ ನೋವಿನ ಜೊತೆಗೇ ಬರುವ ನಿರಾಳ.

"ಮೂವತ್ತೈದು ವರ್ಷ ಕಾದೆ. ಒಬ್ಬನಾದ್ರೂ ಆ ಎರಡು ಅಂಕಿನ ಒಟ್ಟಿಗೆ ಓದ್ತಾನೇನೋ ಅಂತ. ವಿಚಾರಣೆ ಮಾಡಿದೋರೆಲ್ಲ ದೊಡ್ಡ ದೊಡ್ಡ ವಕೀಲರು. ಚೀಟಿನ ಕೈಯಲ್ಲಿ ಹಿಡ್ಕೊಂಡೇ ಪ್ರಶ್ನೆ ಕೇಳಿದ್ರು. ಒಬ್ಬರೂ ಅಳಿವೆ ದಾಟಿದೋರಲ್ಲ."

"ಬೇಕಂತಲೇ ಬಿಟ್ಟ ತಪ್ಪು?"

"ಇಪ್ಪತ್ತೆರಡು ಅಂತ ಬರಿ ಅಂದ್ರು, ಬರೆದೆ. ಹೊತ್ತು ಏನು ಬರೀಬೇಕು ಅಂತ ಅವರಿಗೆ ಹೊಳೀಲಿಲ್ಲ. ನಾನೂ ಹೇಳಿಕೊಡಲಿಲ್ಲ."

"ಬರೆಸಿದ್ದು ಯಾರು?"

"ಸೆಕೆಂಡ್ ಮೇಟ್ ಕಾಗದ ತಂದು ತೋರಿಸಿದ. ಮೊಹರು ಇತ್ತು. ಯುದ್ಧದ ರಹಸ್ಯ ಆಜ್ಞೆ, ಖಾಲಿ ಹಡಗು ಶತ್ರುವಿಗೆ ಗಾಳ ಅಂದ. ಯುದ್ಧ ಅಂದ್ರೆ ಎಲ್ಲರ ಬಾಯಿಗೂ ಬೀಗ ಅಲ್ವಾ. ಉಬ್ಬರದಲ್ಲಿ ಹೊರಟ್ರೆ ಹತ್ತು ಹಡಗಿನ ಕಣ್ಣು ಬೀಳುತ್ತೆ. ಇಳಿತದಲ್ಲಿ ಅಳಿವೆಯಲ್ಲಿ ನರಪಿಳ್ಳೆ ಇರಲ್ಲ. ಹೊಟ್ಟೆಯಲ್ಲಿ ಬರೀ ಕಲ್ಲಿದ್ದಲು, ಪ್ರೊಪೆಲರ್ ಅರ್ಧ ನೀರಿನ ಮೇಲೆ ಬಡ್ಕೊಳ್ತಿತ್ತು. ಹಾಗೇ ದಾಟಿಸಿದೆ."

ಟೀಚರಿಗೆ ಇನ್ನು ತಡೆಯಲಾಗಲಿಲ್ಲ. ಹೇಳಬೇಡಿ ಎಂದದ್ದೆಲ್ಲ ಗಾಳಿಗೆ ಹೋಯಿತು.

"ವೈರ್‌ಲೆಸ್ ಆಪರೇಟರ್‌ಗೆ ಇದು ಗೊತ್ತಿತ್ತಾ? ಅವರು ಸಂದೇಶ ಕಳಿಸಿದ್ರಾ ಅಜ್ಜ? ನಾನು ಅವರ ಮಗಳು."

ಅಜ್ಜನ ಮುಖದಲ್ಲಿದ್ದ ನಿರಾಳ ಹಾರಿಹೋದದ್ದನ್ನು ಟೈಪಿಸ್ಟಮ್ಮ ಕಂಡಳು. ಅವರು ಮಂಜುಗಣ್ಣನ್ನು ದನಿ ಬಂದ ಕಡೆ ತಿರುಗಿಸಿದರು.

"ಮಗಳಾ?"

"ಅವರು ಹೋದ ನಾಲ್ಕು ತಿಂಗಳಿಗೆ ಹುಟ್ಟಿದೆ."

"ನಿಮ್ಮಪ್ಪ ಹಡಗು ಮುಳುಗಿಸೋ ಸಂದೇಶ ಕಳಿಸಲಿಲ್ಲಮ್ಮ" ಎಂದರು ಅಜ್ಜ. "ಕಳಿಸೋಕೆ ಅವನು ಹಡಗಿನಲ್ಲೇ ಇರಲಿಲ್ಲ. ಅಳಿವೆ ದಾಟಿದ ಮೇಲೆ ಪೈಲಟ್ ಹಗ್ಗದ ಏಣಿ ಹಿಡ್ಕೊಂಡು ತನ್ನ ಬೋಟಿಗೆ ಇಳೀತಾನೆ. ಆವತ್ತು ನಾನು ಇಳಿದೆ. ನನ್ನ ಹಿಂದೇನೇ ಅವನೂ ಇಳಿದ."

ಟೀಚರ್ ಬಾಯಿಗೆ ಕೈ ಹಿಡಿದುಕೊಂಡರು. ಅಳುತ್ತಿದ್ದರೋ ನಗುತ್ತಿದ್ದರೋ ಅವರಿಗೇ ತಿಳಿದಿರಲಿಲ್ಲ. ಮೂವತ್ತೈದು ವರ್ಷ ಹೊತ್ತ ಕಲ್ಲನ್ನು ಯಾರೋ ಒಂದೇ ಮಾತಿನಲ್ಲಿ ಇಳಿಸಿದ್ದರು. "ಬರ್ಕೊಳ್ಳಿ ಮೇಡಂ" ಎಂದರು. "ಇದನ್ನೇ ಬರ್ಕೊಳ್ಳಿ. ಅಜ್ಜನ ಸಹಿ ಹಾಕಿಸಿ. ಐದರೊಳಗೆ ಕೊಟ್ಟುಬಿಡೋಣ."

ಟೈಪಿಸ್ಟಮ್ಮ ಆಗಲೇ ಬರೆದುಕೊಳ್ಳುತ್ತಿದ್ದಳು. ಆದರೆ ಮನಸ್ಸು ಒಂದು ಮೆಟ್ಟಿಲು ಹಿಂದೆ ನಿಂತಿತ್ತು. ಬೋಟಿಗೆ ಇಳಿದವನು ಬದುಕಿರಬೇಕಲ್ಲ. ಬದುಕಿದ್ದವನು ಬಸುರಿ ಹೆಂಡತಿಯ ಹತ್ತಿರ ಯಾಕೆ ಹೋಗಲಿಲ್ಲ? ಈ ಪ್ರಶ್ನೆ ಮಗಳಿಗೆ ಇನ್ನೂ ಹೊಳೆದಿಲ್ಲ. ಹೊಳೆಯುವ ಮೊದಲೇ ಇಲ್ಲಿಂದ ಎದ್ದುಬಿಡೋಣ ಅನ್ನಿಸಿತು. ಆದರೆ ಸಾಕ್ಷಿಯನ್ನು ಅರ್ಧಕ್ಕೆ ಬಿಟ್ಟು ಏಳುವ ಅಭ್ಯಾಸ ಆಕೆಗಿರಲಿಲ್ಲ.

"ಅವರೊಬ್ಬರೇ ಇಳಿದ್ರಾ ಅಜ್ಜ?"

ಅಜ್ಜನ ದೊಡ್ಡ ಕೈಗಳು ಕಂಬಳಿಯ ಅಂಚನ್ನು ಮಡಿಸತೊಡಗಿದವು.

"ಇಬ್ಬರು. ಸೆಕೆಂಡ್ ಮೇಟೂ ಇಳಿದ. ಖಾಲಿ ಹಡಗು ಮುಳುಗೋಕೇ ಹೋಗ್ತಿದೆ ಅಂತ ಗೊತ್ತಿದ್ದೋರು ಅವರಿಬ್ಬರೇ. ನನ್ನ ಬೋಟಿನ ಸಹಾಯಕನಿಗೆ ಆವತ್ತು ರಜೆ ಕೊಡಿಸಿದ್ರು. ಎಂಜಿನ್ ಹತ್ತಿರ ನಾನೇ ನಿಂತಿದ್ದೆ, ಅವರಿಗೆ ಬೆನ್ನು ಹಾಕಿ. ಏನೋ ಮಾತಿಗೆ ಮಾತು ಬೆಳೀತಿತ್ತು. ಎಂಜಿನ್ ಸದ್ದಿಗೆ ಕೇಳಿಸ್ತಿರಲಿಲ್ಲ. ಆಮೇಲೆ ನೀರಿಗೆ ಏನೋ ಬಿದ್ದ ಸದ್ದು ಕೇಳಿಸ್ತು."

ಅಜ್ಜ ಕಂಬಳಿಯ ಅಂಚನ್ನು ಇನ್ನೊಂದು ಸುತ್ತು ಮಡಿಸಿದರು.

"ತಿರುಗಿ ನೋಡಿದ್ರೆ ಒಬ್ಬನೇ ಇದ್ದ. ಜಾರಿ ಬಿದ್ದ ಅಂದ. ಎರಡು ಸುತ್ತು ಹಾಕಿದೆ. ಟೋಪಿ ಸಿಕ್ಕಿತು, ಮನುಷ್ಯ ಸಿಗಲಿಲ್ಲ. ಬೋಟಿಗೆ ಇಳಿದೋರು ಮೂವರು. ಜೆಟ್ಟಿ ಹತ್ತಿದೋರು ಇಬ್ಬರು."

ಟೀಚರ ದನಿ ಸಣ್ಣದಾಗಿತ್ತು. "ಅಂದ್ರೆ ಸೆಕೆಂಡ್ ಮೇಟ್ ನಮ್ಮಪ್ಪನನ್ನ..."

"ಅಲ್ಲಮ್ಮ."

ಅಜ್ಜ ಕಂಬಳಿ ಮಡಿಸುವುದನ್ನು ನಿಲ್ಲಿಸಿದರು.

"ಸೆಕೆಂಡ್ ಮೇಟ್ ಒಂದು ಗಂಟೆ ನನ್ನ ಪಕ್ಕದಲ್ಲೇ ನಿಂತಿದ್ದ, ಹಡಗು ದಾಟಿಸುವಾಗ. ಆ ಮುಖ ನಂಗೆ ಗೊತ್ತು. ನೀರಿಗೆ ಬಿದ್ದೋನು ಅವನು. ಸಿಕ್ಕಿದ ಟೋಪಿ ಅವನದು. ಆ ಟೋಪಿನ ಕೈಯಲ್ಲಿ ಹಿಡ್ಕೊಂಡು ಜೆಟ್ಟಿ ಹತ್ತಿದೋನು ನಿಮ್ಮಪ್ಪ. ಐದನೇ ದಿನ ಪೇಪರಿನಲ್ಲಿ ಫೋಟೊ ಬಂತು, ಮುರುಕು ಹಲಗೆ ಹಿಡ್ಕೊಂಡು ತೇಲ್ತಿದ್ದ ಸೆಕೆಂಡ್ ಮೇಟ್‌ನ ಮೀನುಗಾರರು ಕಾಪಾಡಿದ್ರು ಅಂತ. ಟೋಪಿ ಅದೇ. ತಲೆ ನಿಮ್ಮಪ್ಪಂದು."

ಭಾವ ಅರಿವಿಲ್ಲದೆ ಬಾಗಿಲಿನ ಚೌಕಟ್ಟು ಹಿಡಿದುಕೊಂಡರು. "ಹಾಗಾದ್ರೆ ನಾಳೆ ಗೋಡೆ ಉದ್ಘಾಟನೆ ಮಾಡೋ ಕಪ್ತಾನರು..."

ಟೀಚರ ಮುಖ ನೋಡಿ ಉಳಿದ ಮಾತು ನುಂಗಿಕೊಂಡರು.

"ಮೂವತ್ತೈದು ವರ್ಷ ಯಾಕೆ ಬಾಯಿಬಿಡಲಿಲ್ಲ?" ಟೈಪಿಸ್ಟಮ್ಮನ ದನಿಯಲ್ಲಿ ಮರುಕವಿರಲಿಲ್ಲ. ಎಲ್ಲವನ್ನೂ ಹೇಳುತ್ತಿದ್ದವರು ಈ ಅಜ್ಜ ಒಬ್ಬರೇ. ಸಮುದ್ರದ ನಡುವೆ ಆ ಬೋಟಿನಲ್ಲಿ ಇದ್ದವರೂ ಇವರೇ. ಒಮ್ಮೆ ಸುಳ್ಳು ಬರೆದ ಕೈ ಎರಡನೇ ಸಲ ಸುಳ್ಳು ಹೇಳುವುದಿಲ್ಲ ಎಂದು ಯಾವ ಕೋರ್ಟೂ ಒಪ್ಪುವುದಿಲ್ಲ.

"ಯಾರು ಸತ್ತರು ಅಂತ ಹೇಳಲಿ? ಮೇಟ್ ಪೇಪರಿನಲ್ಲಿ ಬದುಕಿದ್ದ. ಆಪರೇಟರ್ ಹಡಗಿನ ಜೊತೆ ಮುಳುಗಿದ್ದ. ಲೆಕ್ಕದಲ್ಲಿ ಯಾರೂ ಕಾಣೆಯಾಗಿರಲಿಲ್ಲ. ಹೇಳಿದ್ರೆ ಕೈಗೆ ಕೋಳ ಬೀಳ್ತಿದ್ದದ್ದು ನಂಗೆ." ಅಜ್ಜ ಮುಖವನ್ನು ಕಿಟಕಿಯ ಕಡೆ ತಿರುಗಿಸಿದರು. "ಹೆದರಿದೆ. ಅದೇ ನಿಜ. ಮೂವತ್ತು ಜನ ಮುಳುಗಿದ ಮೇಲೂ ಹೆದರ್ಕೊಂಡೇ ಇದ್ದೆ."

ಟೀಚರ್ ಎದ್ದು ನಿಂತಿದ್ದರು. ಮುಖದಲ್ಲಿ ಅಳುವೂ ಇರಲಿಲ್ಲ, ಕೋಪವೂ ಇರಲಿಲ್ಲ. ಮಕ್ಕಳ ಉತ್ತರ ಪತ್ರಿಕೆ ತಿದ್ದುವವರ ಹಾಗೆ ಏನನ್ನೋ ಕೂಡಿಸಿ ಕಳೆದು ನೋಡುತ್ತಿದ್ದರು.

"ಮೂರು ಅರ್ಜಿನೂ ಅವರ ಮೇಜಿನ ಮುಂದೆ ನಿಂತು ನಾನೇ ಕೊಟ್ಟೆ. ಅಪ್ಪನ ಹೆಸರು, ಅಮ್ಮನ ಹೆಸರು, ನನ್ನ ಹೆಸರು, ಎಲ್ಲಾ ಬರೆದಿದ್ದೆ. ಮೂರೂ ಸಲ ಪೂರ್ತಿ ಓದಿದ್ರು. ಕುಡಿಯೋಕೆ ನೀರು ಬೇಕಾ ಅಂತ ಕೇಳಿದ್ರು."

"ಟೀಚರ್, ಕೂತ್ಕೊಳ್ಳಿ" ಎಂದಳು ಟೈಪಿಸ್ಟಮ್ಮ. "ಇದಿನ್ನೂ ಒಬ್ಬರ ಬಾಯಿಮಾತು."

"ಅವರು ಹೆಸರು ಬಿಟ್ಟಿದ್ದು ಸರಿಯಾಗೇ ಇತ್ತು ಬಿಡಿ ಮೇಡಂ. ಬದುಕಿರೋರ ಹೆಸರನ್ನ ಗೋಡೆ ಮೇಲೆ ಯಾರು ಕೆತ್ತಿಸ್ತಾರೆ?"

ಮುಖ ತೊಳೆದುಕೊಂಡು ಬರುತ್ತೇನೆ ಎಂದು ಪರದೆ ಸರಿಸಿ ಹೊರಗೆ ಹೋದರು. ತಡೆಯಲು ಯಾರಿಗೂ ಮನಸ್ಸಾಗಲಿಲ್ಲ. ಅಂಥ ಹೊತ್ತಿನಲ್ಲಿ ಮನುಷ್ಯರನ್ನು ಐದು ನಿಮಿಷ ಒಂಟಿಯಾಗಿ ಬಿಡಬೇಕು ಎಂದು ಟೈಪಿಸ್ಟಮ್ಮನಿಗೂ ಅನ್ನಿಸಿತು. ಆಕೆ ಯಾರ ವಿಷಯದಲ್ಲೂ ಹಾಗೆ ಮೆತ್ತಗಾಗುವವಳಲ್ಲ. ಇವತ್ತು ಆದಳು.

ಹೇಳಿಕೆಯನ್ನು ನೇರ ಬರಹಕ್ಕೆ ಇಳಿಸಿ ಸಹಿ ಹಾಕಿಸಬೇಕಿತ್ತು. ಅಜ್ಜ ಕೈ ಹಿಂದಕ್ಕೆ ಎಳೆದುಕೊಂಡರು. "ಬಾಯಿಂದ ಹೇಳಿದೆ. ಸಹಿ ಮಾತ್ರ ಕೇಳಬೇಡಿ. ಈ ಮನೆಯಲ್ಲಿ ನನ್ನ ಸೊಸೆ ಇದ್ದಾಳೆ." ಒಂದು ಮಾತಿಗೆ ಹತ್ತು ಮಾತಾಯಿತು. ಭಾವನೂ ಕೈಮುಗಿದು ಕೇಳಿದರು. ಎಮ್ಮೆಯ ಮೇಲೆ ಮಳೆ ಸುರಿದ ಹಾಗಾಯಿತು. ಗೋಡೆ ಗಡಿಯಾರ ನಾಲ್ಕು ಹೊಡೆಯಿತು.

"ಟೀಚರ್ ಎಲ್ಲಿ ಹೋದ್ರು?" ಎಂದರು ಭಾವ.

ಮುಂಕೋಣೆಯಲ್ಲಿ ಸೊಸೆ ಒಬ್ಬಳೇ ಇದ್ದಳು. ಬೀದಿಬಾಗಿಲು ತೆರೆದಿತ್ತು.

"ಅವರು ಆಗಲೇ ಹೋದ್ರಲ್ಲ. ಟ್ಯಾಕ್ಸಿ ನಿಲ್ಲಿಸಿ, ಗೋಡೆ ಸಮಿತಿಯ ಕಚೇರಿಗೆ ಅಂದ್ರು. ಕಪ್ತಾನರು ಐದರ ತನಕ ಒಬ್ಬರೇ ಇರ್ತಾರಂತೆ, ಹೌದಾ ಅಂತ ಕೇಳಿದ್ರು. ಬೆಳಿಗ್ಗೆ ಅವರೇ ಹಾಗೆ ಹೇಳಿದ್ರು ಅಂದೆ. ಹೇಳಬಾರದಾಗಿತ್ತಾ?"

ಟೈಪಿಸ್ಟಮ್ಮ ಒಳಗೆ ಓಡಿದಳು. ಅಜ್ಜನ ಪಕ್ಕದ ಮೇಜಿನ ಮೇಲೆ ಕನ್ನಡಕದ ಡಬ್ಬಿ ಬಾಯಿ ತೆರೆದುಕೊಂಡು ಬಿದ್ದಿತ್ತು. ಒಳಗೆ ಏನೂ ಇರಲಿಲ್ಲ. ಆ ಚೀಟಿಯೊಂದನ್ನು ಬಿಟ್ಟರೆ ಲೋಕದಲ್ಲಿ ಬೇರೆ ಪುರಾವೆಯಿಲ್ಲ. ಅದು ಈಗ, ಯಾರ ಕೈಗೆ ಸಿಗಬಾರದೋ ಅವರ ಕೈಗೇ, ಅವರ ಮಗಳ ಕೈಯಾರೆ ಹೋಗುತ್ತಿತ್ತು. ಆ ಮಗಳಾದರೂ ವಾಪಸು ಬರುತ್ತಾಳೆಯೇ ಎಂಬುದು ಅದಕ್ಕಿಂತ ದೊಡ್ಡ ಮಾತು.

"ನಕಲು ಇಟ್ಕೊಂಡಿದ್ದೀಯಲ್ಲ?" ಎಂದರು ಭಾವ, ಓಡುತ್ತ ಬಂದು.

ಇಪ್ಪತ್ತೆರಡು ವರ್ಷ ಕಾರ್ಬನ್ ಇಡದೆ ಒಂದು ಹಾಳೆಯನ್ನೂ ಯಂತ್ರಕ್ಕೆ ಏರಿಸದವಳು, ಇವತ್ತು ಆ ನಾಲ್ಕು ಸಾಲನ್ನು ಎಲ್ಲೂ ಬರೆದುಕೊಂಡಿರಲಿಲ್ಲ.